ಮೊದಲು ಉಕ್ಕಿದ ಹಾಲು

ಒಲೆಯ ಮೇಲೆ ಹಾಲು ಉಕ್ಕಿ ಸೀಯುವ ವಾಸನೆ ನಿಮಗೆಲ್ಲ ಗೊತ್ತಿರುವುದೇ. ಮೊದಲಿಗೆ ಒಂಚೂರು ಸಿಹಿಯಾಗಿ, ಖೋವಾ ಮಾಡುವ ಮನೆಯ ಮುಂದೆ ಹಾದುಹೋದಂತಿರುತ್ತದೆ. ಮರುಗಳಿಗೆಗೆ ಕೂದಲು ಸುಟ್ಟಂತೆ. ಕಿಟಕಿ ತೆಗೆದರೂ, ಫ್ಯಾನ್ ಹಾಕಿದರೂ ಹೋಗುವುದಿಲ್ಲ, ಪರದೆಗಳಲ್ಲಿ ಕೂತು ಸಂಜೆಯವರೆಗೆ ಇರುತ್ತದೆ. ಈ ವರ್ಷ ಬಿಸಿಲು ಇನ್ನೂ ಏರದ ಒಂದು ಶನಿವಾರ ಬೆಳಗ್ಗೆ, ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿರುವ ನನ್ನ ಮನೆಯಲ್ಲಿ ಹಾಗೆಯೇ ಆಯಿತು. ಹಾಲಿಟ್ಟು ಫೋನ್ ಎತ್ತಿಕೊಂಡಿದ್ದೆ. ಡಾಲಸ್‌ನಲ್ಲಿರುವ ನನ್ನ ದೊಡ್ಡವ್ವನ ಮಗಳು ಸ್ಮಿತಾ, ಅಮ್ಮನ ಮನೆಯಿಂದ ಮಾಡಿದ್ದಳು. "ಸರೂ, ಮನೆ ಸೇಲ್ ಆಯ್ತು. ನೆಕ್ಸ್ಟ್ ಫ್ರೈಡೇ ಕ್ಲೋಸಿಂಗ್, ಕೀ ಕೊಟ್ಬಿಡ್ಬೇಕು. ಅಮ್ಮ ಕಿಚನ್ ಮುಟ್ಟೋಕೇ ಬಿಡ್ತಾ ಇಲ್ಲ. ಶೀ ವಾಂಟ್ಸ್ ಯೂ," ಅಂದಳು. ಯಾವ ಮನೆ ಎಂದು ನಾನು ಕೇಳಲಿಲ್ಲ. ನನ್ನ ಮಟ್ಟಿಗೆ ಹ್ಯೂಸ್ಟನ್ ಹತ್ತಿರದ ಕೇಟಿಯಲ್ಲಿ ಇರುವುದು ಒಂದೇ ಮನೆ, ದೊಡ್ಡವ್ವನದು. ಅಷ್ಟರಲ್ಲಿ ಹಿಂದಿನಿಂದ ಅಪ್ಪ ಕೂಗಿದ: "ಏ ಸರೂ, ಹಾಲು ಹೋತಲ್ಲೇ!" ತಿರುಗಿ ನೋಡುವಷ್ಟರಲ್ಲಿ ಒಲೆಯ ಗಾಜಿನ ಮೇಲೆ ಕಂದು ಬಣ್ಣದ ಉಂಗುರ ಬಿದ್ದಿತ್ತು. ಅಂಥದ್ದೇ ಉಂಗುರವನ್ನು ನಾನು ಹಿಂದೆಯೂ ಒಮ್ಮೆ ನೋಡಿದ್ದೇನೆ. ಅದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಬರೆದರೆ ನನ್ನ ಹೊಟ್ಟೆಕಿಚ್ಚನ್ನೂ ಬರೆಯಬೇಕಾಗುತ್ತದಲ್ಲ ಎಂದು ಬಿಟ್ಟಿದ್ದೆ.

ಹುಬ್ಬಳ್ಳಿಯಿಂದ ನಾವು ಅಮೆರಿಕಕ್ಕೆ ಬಂದಾಗ ನನಗೆ ಹತ್ತು ವರ್ಷ. ನಮ್ಮನ್ನು ಕರೆಸಿಕೊಂಡವಳು ಅವ್ವನ ಅಕ್ಕ, ಗಂಗಾ ದೊಡ್ಡವ್ವ. ಇಂಜಿನಿಯರ್ ದೊಡ್ಡಪ್ಪನನ್ನು ಮದುವೆಯಾಗಿ ಆಕೆ ನಾನು ಹುಟ್ಟುವ ಮೊದಲೇ ಹ್ಯೂಸ್ಟನ್ ಸೇರಿದ್ದಳು. ತಂಗಿಯ ಗ್ರೀನ್ ಕಾರ್ಡಿನ ಸಲುವಾಗಿ ಹಾಕಿದ ಅರ್ಜಿ ಮಂಜೂರಾಗುವ ಹೊತ್ತಿಗೆ ತಂಗಿಗೆ ಮದುವೆಯಾಗಿ, ನಾನು ಹುಟ್ಟಿ, ನಾಲ್ಕನೇ ಇಯತ್ತೆ ಮುಗಿಸಿದ್ದೆ. ಅವ್ವ ಓದಿದ್ದೂ ಅಷ್ಟೇ, ನಾಲ್ಕನೇ ಇಯತ್ತೆ, ಅಪ್ಪ ಏಳನೆಯದು. ಅಪ್ಪ ಹುಬ್ಬಳ್ಳಿಯಲ್ಲಿ ಮನೆಗಳಿಗೆ ಬಣ್ಣ ಹಚ್ಚುತ್ತಿದ್ದ, ಇಲ್ಲಿಗೆ ಬಂದು ಅದನ್ನೇ ಮಾಡಿದ. ಈಗ ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆಗ ಶಾಲೆಯ ಫಾರ್ಮಿನಲ್ಲಿ ತಂದೆಯ ಉದ್ಯೋಗ ಕೇಳಿದ ಕಡೆ 'ಕನ್‌ಸ್ಟ್ರಕ್ಷನ್' ಎಂದು ಬರೆಯುತ್ತಿದ್ದೆ, ಓದಿದವರು ಇಂಜಿನಿಯರ್ ಅಂದುಕೊಳ್ಳಲಿ ಅಂತ.

ಆಗಿನ ಕೇಟಿಯನ್ನು ಕಂಡವರು ಇಲ್ಲಿಯ ಕನ್ನಡದವರಾದ ನಿಮ್ಮಲ್ಲಿ ಕೆಲವರಾದರೂ ಇದ್ದೀರಿ. ಐ-ಟೆನ್ ಹೆದ್ದಾರಿ ಇಷ್ಟು ಅಗಲ ಇರಲಿಲ್ಲ. ಅದರಿಂದ ಸ್ವಲ್ಪ ಒಳಗೆ ಹೋದರೆ ಭತ್ತದ ಗದ್ದೆಗಳು, ನೀರು ನಿಂತ ಮಡಿಗಳಲ್ಲಿ ಇಡೀ ಆಕಾಶ ಬಿದ್ದಿರುತ್ತಿತ್ತು. ಚಳಿಗಾಲಕ್ಕೆ ಉತ್ತರದಿಂದ ಬಿಳಿ ಹೆಬ್ಬಾತುಗಳು ಹಿಂಡು ಹಿಂಡಾಗಿ ಬಂದಿಳಿದರೆ, ಯಾರೋ ಗದ್ದೆಯ ತುಂಬ ಅರಳೆ ಹರವಿದ ಹಾಗೆ ಕಾಣುತ್ತಿತ್ತು. ಗದ್ದೆ ಮಾರಿದ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ. ಮೊದಲು ಗೂಟಗಳು ಬರುತ್ತಿದ್ದವು, ಗೂಟದ ತುದಿಗೆ ಗುಲಾಬಿ ರಿಬ್ಬನ್. ಆಮೇಲೆ ರಸ್ತೆ, ರಸ್ತೆಗೊಂದು ಹೆಸರು, ಅಲ್ಲಿಂದ ಓಡಿಸಿದ ಹಕ್ಕಿಯದೋ ಕಿತ್ತ ಹುಲ್ಲಿನದೋ. ಆಮೇಲೆ ಬಾವುಟ ಹಾರಿಸಿಕೊಂಡು, ಕೊಳ್ಳುವವರಿಗೆ ತೋರಿಸಲು ಒಂದು ಮಾಡೆಲ್ ಹೋಮ್. ಅದರ ಬೆನ್ನಿಗೆ ಸಾಲು ಸಾಲು ಮನೆಗಳು, ಮುಂದಿನ ಗೋಡೆಗೆ ಮಾತ್ರ ಇಟ್ಟಿಗೆ, ಉಳಿದ ಮೂರು ಕಡೆ ಹಲಗೆ. "ಮಾರಿಗಷ್ಟ ಪೌಡರ್ ಹಚ್ಯಾರ ನೋಡು," ಎಂದು ಅಪ್ಪ ನಗುತ್ತಿದ್ದ. ಅಪ್ಪನ ಗ್ಯಾಂಗಿನಲ್ಲಿ ಉಳಿದವರೆಲ್ಲ ಮೆಕ್ಸಿಕೋದವರು. ಇಂಗ್ಲಿಷಿಗಿಂತ ಮೊದಲು ಆತ ಸ್ಪ್ಯಾನಿಶ್ ಕಲಿತ. ಅವರ ಟಾರ್ಟಿಯಾ ರೊಟ್ಟಿಗೆ ನಮ್ಮ ಶೇಂಗಾ ಹಿಂಡಿ ಹಚ್ಚಿಕೊಂಡು ಎಲ್ಲರೂ ಅರ್ಧ ಕಟ್ಟಿದ ಗೋಡೆಗಳ ನಡುವೆ ಕೂತು ತಿನ್ನುತ್ತಿದ್ದರು.

ನಾವಿದ್ದದ್ದು ಆ ಮನೆಗಳ ಸಾಲು ಮುಗಿದು ಗದ್ದೆ ಶುರುವಾಗುವ ಅಂಚಿನಲ್ಲಿ, ಭತ್ತ ಒಣಗಿಸುವ ಎತ್ತರದ ತಗಡಿನ ಕಟ್ಟಡದ ಹಿಂದೆ. ಹಿಂದೊಮ್ಮೆ ಗದ್ದೆ ಕೆಲಸದವರಿಗೆಂದು ಕಟ್ಟಿದ ಮರದ ಮನೆ, ನಮಗೆ ಬಾಡಿಗೆಗೆ ಸಿಕ್ಕಿತ್ತು. ಸಿಮೆಂಟ್ ಇಟ್ಟಿಗೆಗಳ ಮೇಲೆ ನೆಲದಿಂದ ಮೊಳದೆತ್ತರ ನಿಂತಿತ್ತು. ಯಾರು ನಡೆದರೂ ಗೋಡೆಯ ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳು ಮಾತಾಡುತ್ತಿದ್ದವು. ಹ್ಯೂಸ್ಟನ್ನಿನ ಇಂಡಿಯನ್ ಅಂಗಡಿಯಿಂದ ತಂದ ಜೋಳದ ಹಿಟ್ಟಿನಲ್ಲಿ ಅವ್ವ ರೊಟ್ಟಿ ಬಡಿಯಲು ಕೂತರೆ ಇಡೀ ಮನೆ ಅವಳ ಕೈಗೆ ತಾಳ ಹಾಕುತ್ತಿತ್ತು. ಸುಗ್ಗಿಯಲ್ಲಿ ಭತ್ತ ಒಣಗಿಸುವ ಯಂತ್ರ ಹಗಲೆಲ್ಲ ಗುಂಯ್‌ಗುಟ್ಟುತ್ತಿತ್ತು. ಬಿಸಿ ತೌಡಿನ ವಾಸನೆ ನಮ್ಮ ಹಾಸಿಗೆ, ನನ್ನ ಪುಸ್ತಕ, ಅವ್ವನ ಜಡೆ ಎಲ್ಲದರಲ್ಲೂ. ಗೋಡೆಗಳಿಗೆ ಅಪ್ಪ ಬಣ್ಣ ಹಚ್ಚಿದ್ದ, ಆದರೆ ಬೇರೆ ಮನೆಗಳಲ್ಲಿ ಉಳಿದ ಡಬ್ಬಿಯ ತಳದ ಬಣ್ಣ. ಅಡುಗೆಮನೆಯ ಒಂದು ಗೋಡೆ ಯಾರದೋ ಡೈನಿಂಗ್ ರೂಮು, ಇನ್ನೊಂದು ಯಾರದೋ ಕೂಸಿನ ಕೋಣೆ, ಬಾಗಿಲು ಯಾರದೋ ಗ್ಯಾರೇಜು. ಶಾಲೆಯ ಗೆಳತಿಯರನ್ನು ಮನೆಗೆ ಕರೆಯಲು ನನಗೆ ನಾಚಿಕೆ. ಇವತ್ತು ಆ ಗೋಡೆಗಳಲ್ಲಿ ಒಂದು ಗೇಣಗಲ ಸಿಕ್ಕರೂ ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇನೆ.

ಅವ್ವನ ಕೆಲಸ ಬಣ್ಣದವರದೆಲ್ಲ ಮುಗಿದ ಮೇಲೆ. ಮನೆ ಕೊಂಡವರ ಕೈಗೆ ಕೀಲಿ ಹೋಗುವ ಮೊದಲು ಕೊನೆಯದಾಗಿ ಒರೆಸಿ ತೊಳೆಯುವವಳು ಅವಳು. ಕಿಟಕಿಯ ಗಾಜಿಗೆ ಅಂಟಿದ ಸ್ಟಿಕರ್‌ಗಳನ್ನು ಬ್ಲೇಡಿನಿಂದ ಕೆರೆಯುವುದು, ಕಪಾಟುಗಳೊಳಗಿನ ಮರದ ಪುಡಿ ತೆಗೆಯುವುದು, ಕಮೋಡು ಉಜ್ಜುವುದು. ಶಾಲೆ ರಜೆಯಿದ್ದರೆ ನಾನೂ ಜೊತೆಗೆ. ಹೊಸ ಕಾರ್ಪೆಟ್ಟಿನ ವಾಸನೆ, ಒಣಗುತ್ತಿರುವ ಬಣ್ಣದ ವಾಸನೆ, ಯಾರೂ ಇನ್ನೂ ಉಸಿರಾಡದ ಗಾಳಿ. ಪ್ರತಿ ಮನೆಯಲ್ಲೂ ನಾನು ನನಗೆಂದು ಒಂದು ಕೋಣೆ ಆರಿಸುತ್ತಿದ್ದೆ. ಅಲ್ಲಿ ಕಾರ್ಪೆಟ್ಟಿನ ಮೇಲೆ ಅಂಗಾತ ಮಲಗಿ, ಮಂಚ ಇಲ್ಲಿ, ಮೇಜು ಅಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸಿ, ಅವ್ವ ಕರೆದಾಗ ಎದ್ದು, ನನ್ನ ಮೈಯ ಗುರುತನ್ನು ಕಾಲಿಂದ ಅಳಿಸಿ ಹೊರಡುತ್ತಿದ್ದೆ. ಮಧ್ಯಾಹ್ನ ಅಪ್ಪ ಥರ್ಮಾಸಿನಿಂದ ಎಲ್ಲರಿಗೂ ಚಹಾ ಹಂಚುತ್ತಿದ್ದ. ಅವ್ವ ಚಹಾ ಮುಟ್ಟುತ್ತಿರಲಿಲ್ಲ. ಮುಚ್ಚಳದಲ್ಲಿ ಬಿಸಿನೀರು ಹಾಕಿಸಿಕೊಂಡು ಕುಡಿಯುತ್ತಿದ್ದಳು. "ಅಪ್ಪಾ, ನಮ್ಮ ಮನಿ ಯಾವಾಗ?" ಎಂದು ಒಮ್ಮೆ ಕೇಳಿದ್ದೆ. "ಈ ಓಣಿ ಎಲ್ಲಾ ನಮ್ಮದ ಅಲ್ಲೇನು? ಗ್ವಾಡಿ ಒಂದನ್ನೂ ಬಿಡದಂಗ ಸವರೀನಿ," ಅಂದ ಅಪ್ಪ. ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಮರುವರ್ಷ ದೊಡ್ಡವ್ವನೂ ಕೇಟಿಯಲ್ಲಿ ಮನೆ ಕೊಂಡಳು. ಅಲ್ಲಿಯವರೆಗೆ ಅವರು ಹ್ಯೂಸ್ಟನ್ನಿನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದರು. ನಮ್ಮ ಮನೆಯಿಂದ ಎರಡು ಗದ್ದೆ ಆಚೆಗೆ, ಅಂದರೆ ಆಗಷ್ಟೇ ಗದ್ದೆಯಾಗಿರುವುದು ಬಿಟ್ಟ ಜಾಗದಲ್ಲಿ, ಅವರ ಮನೆ ಏಳತೊಡಗಿತು. ಅಪ್ಪ ಮೇಸ್ತ್ರಿಗೆ ಹೇಳಿ ಆ ಮನೆಯ ಬಣ್ಣದ ಕೆಲಸ ತಾನೇ ತೆಗೆದುಕೊಂಡ. ಬೇರೆ ಕಡೆ ಒಂದು ಕೋಟು ಹಚ್ಚುವಲ್ಲಿ ಇಲ್ಲಿ ಎರಡು ಹಚ್ಚಿದ. ಅವ್ವ ಏಣಿಯ ಬುಡದಲ್ಲಿ ನಿಂತು, "ಮೂಲಿ ಬಿಟ್ಟೀರಿ ನೋಡ್ರಿ, ಚಷ್ಮಾ ಹಾಕ್ಕೋರಿ," ಎಂದು ಕಾಡುತ್ತಿದ್ದಳು. ಸ್ಮಿತಾಳ ಕೋಣೆಗೆ ತಿಳಿ ನೇರಳೆ. ಯಾವ ಬಣ್ಣ ಬೇಕು ಎಂದು ಒಂಬತ್ತು ವರ್ಷದ ಹುಡುಗಿಯನ್ನು ಕೂರಿಸಿಕೊಂಡು ಕೇಳಿದ್ದರು! ಆ ಕೋಣೆಗೆ ಕಿಟಕಿಯ ಕೆಳಗೆ ಕೂರಲು ಒಂದು ಕಟ್ಟೆ ಬೇರೆ. ನಾನು ಅಲ್ಲಿಯವರೆಗೆ ಕಂಡ ಯಾವ ಮನೆಯಲ್ಲೂ ಅಂಥ ಕೋಣೆ ಇರಲಿಲ್ಲ. ಅಪರಿಚಿತರ ಮನೆಯ ಕೋಣೆ ಬಿಟ್ಟು ಬರುವುದು ನನಗೆ ರೂಢಿಯಾಗಿತ್ತು. ಆದರೆ ಇದು ಅವ್ವನ ಅಕ್ಕನ ಮನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬಳ ಮಗಳಿಗೆ ಈ ಕಿಟಕಿ, ಇನ್ನೊಬ್ಬಳ ಮಗಳಿಗೆ ಅದರ ಗಾಜು ಕೆರೆಯುವ ಬ್ಲೇಡು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು ಎಂದರೆ ಸುಳ್ಳಲ್ಲ.

ಗೃಹಪ್ರವೇಶ ಭಾನುವಾರ ಬೆಳಗ್ಗೆ ಎಂದಾಯಿತು. ದೊಡ್ಡವ್ವ ತಿಂಗಳ ಮೊದಲೇ ಬಂದು ಅವ್ವನಿಗೆ ಹೇಳಿದ್ದಳು: "ನೀಲಾ, ನನಗ ತವರುಮನಿ ಅಂತ ಇಲ್ಲಿ ನೀನೊಬ್ಬಾಕಿ. ಕಳಸ ನೀನ ಹಿಡೀಬೇಕು. ಒಲಿ ಮ್ಯಾಲೆ ಹಾಲಿನ ಪಾತೇಲಿ ನೀನ ಇಡಬೇಕು." ಅವ್ವ ಪೆಟ್ಟಿಗೆಯ ತಳದಿಂದ ತನ್ನ ಹಸಿರು ಇಳಕಲ್ ಸೀರೆ ತೆಗೆದು, ಅಂಗಳದ ತಂತಿಯ ಮೇಲೆ ಹರವಿ, ನುಸಿಗುಳಿಗೆಯ ವಾಸನೆ ಹೋಗಲೆಂದು ಮೂರು ದಿನ ಗಾಳಿಗೆ ಬಿಟ್ಟಿದ್ದಳು. ಹಾಲು ಉಕ್ಕುವವರೆಗೆ ಆ ಮನೆಯ ಒಲೆಯನ್ನು ಯಾರೂ ಹಚ್ಚಬಾರದು, ಮೊದಲ ಹಾಲು ಮೂಡಣಕ್ಕೆ ಉಕ್ಕಬೇಕು, ಯಾರ ಕೈಯಿಂದ ಉಕ್ಕುತ್ತದೋ ಅವರ ಮನೆ ತುಂಬುತ್ತದೆ ಎಂದೆಲ್ಲ ಅವಳೇ ನನಗೆ ಹೇಳಿಕೊಟ್ಟದ್ದು. ಹೇಳಿಕೊಟ್ಟದ್ದೇ ತಪ್ಪಾಯಿತು.

ಶುಕ್ರವಾರ ಅವ್ವ ಕೊನೆಯ ಸಲ ಮನೆ ತೊಳೆಯಲು ಹೋಗಿದ್ದಳು. ನಾನು ಶಾಲೆಯ ಬಸ್ಸಿಳಿದು ನೇರ ಅಲ್ಲಿಗೇ ಹೋದೆ. ಶಾಲೆಯಲ್ಲಿ ಮಧ್ಯಾಹ್ನದ ಊಟದ ಜೊತೆ ಕೊಡುವ ಸಣ್ಣ ಹಾಲಿನ ಡಬ್ಬಿ ನಿಮ್ಮ ಮಕ್ಕಳಿಗೂ ಗೊತ್ತು. ಆವತ್ತು ನಾನದನ್ನು ಕುಡಿಯದೆ ಚೀಲದಲ್ಲಿ ಇಟ್ಟುಕೊಂಡಿದ್ದೆ. ಅವ್ವ ಮೇಲಿನ ಬಚ್ಚಲಲ್ಲಿ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು. ನನ್ನ ಟಿಫಿನ್ ಡಬ್ಬಿ ತೊಳೆದು, ಹಾಲು ಸುರಿದು, ಹೊಳೆಯುವ ಗಾಜಿನ ಕರೆಂಟ್ ಒಲೆಯ ಮೇಲಿಟ್ಟು ಗುಂಡಿ ತಿರುಗಿಸಿದೆ. ಕೈ ಮುಗಿದು ನಿಂತೆ. ಏನು ಬೇಡಿಕೊಂಡೆ ಎಂಬುದು ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ: ದೇವರೇ, ಈ ಮನೆ ನಮ್ಮದಾಗಲಿ, ಸ್ಮಿತಾಳದು ಬೇಡ. ಗಾಜು ನಿಧಾನಕ್ಕೆ ಕೆಂಪಾಯಿತು. ಹಾಲು ಸುಮ್ಮನಿತ್ತು, ಸುಮ್ಮನಿತ್ತು, ಆಮೇಲೆ ಒಮ್ಮೆಲೇ ಎದ್ದು ಡಬ್ಬಿಯ ಅಂಚು ದಾಟಿ ಸಿಂಕಿನ ಕಿಟಕಿಯ ಕಡೆ ಇಳಿಯಿತು. ಚುರ್ರೆಂದಿತು, ಹೊಗೆ ಎದ್ದಿತು, ಮೇಲೆ ಸೂರಿನಲ್ಲಿದ್ದ ಹೊಸ ಸ್ಮೋಕ್ ಅಲಾರಂ ಇಡೀ ಓಣಿಗೆ ಕೇಳುವಂತೆ ಬಡಿದುಕೊಳ್ಳತೊಡಗಿತು. ಅವ್ವ ಒದ್ದೆಗೈಯಲ್ಲೇ ಓಡಿ ಇಳಿದು ಬಂದಳು. ಮೊದಲು ಒಲೆ ಆರಿಸಿದಳು. ಆಮೇಲೆ ಟವೆಲ್ ಬೀಸಿ ಬೀಸಿ ಅಲಾರಂ ನಿಲ್ಲಿಸಿದಳು. ಟಿಫಿನ್ ಡಬ್ಬಿ ನೋಡಿದಳು, ಶಾಲೆಯ ಖಾಲಿ ಹಾಲಿನ ಡಬ್ಬಿ ನೋಡಿದಳು, ನನ್ನ ಮುಗಿದ ಕೈ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ. "ಅಷ್ಟು ಬೇಕಾಗಿತ್ತೇನ ನಿನಗ?" ಅಂದಳು, ಅಷ್ಟೇ. ಮತ್ತೆ ಬಗ್ಗಿ ಸೀದ ಹಾಲನ್ನು ಉಜ್ಜತೊಡಗಿದಳು. ಎಷ್ಟು ಉಜ್ಜಿದರೂ ಗಾಜಿನ ಮೇಲೆ ಅರ್ಧ ಉಂಗುರ ಉಳಿದೇಹೋಯಿತು.

ಸಂಜೆ ಪೂಜೆಯ ಸಾಮಾನಿನ ಪೆಟ್ಟಿಗೆ ಹಿಡಿದು ಒಳಗೆ ಬಂದ ದೊಡ್ಡವ್ವ ಬಾಗಿಲಲ್ಲೇ ಮೂಗು ಎತ್ತಿದಳು. ಸೀದಾ ಒಲೆಯ ಹತ್ತಿರ ಹೋಗಿ, ಉಂಗುರದ ಮೇಲೆ ಬೆರಳಾಡಿಸಿ ತಿರುಗಿದಳು.

"ಯಾರು ಒಲಿ ಹಚ್ಚಿದವರು?"

ನಾನು ಅವ್ವನ ಸೆರಗಿನ ಹಿಂದಿದ್ದೆ. ಅವ್ವನ ಕೈ ಹಿಂದೆ ಬಂದು ನನ್ನ ಮುಂಗೈ ಹಿಡಿಯಿತು. "ನಾನ ಅಕ್ಕಾ. ತಲಿ ಭಾಳ ನೋಯಾಕತ್ತಿತ್ತು. ಚಹಾ ಮಾಡ್ಕೊಂಡ್ನಿ. ಹಾಲು ಉಕ್ಕಿಬಿಡ್ತು."

ದೊಡ್ಡವ್ವ ತಂಗಿಯನ್ನೇ ನೋಡುತ್ತ ನಿಂತಳು. ಅಷ್ಟು ಹೊತ್ತು ಒಬ್ಬರು ಇನ್ನೊಬ್ಬರ ಮುಖ ನೋಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. "ಮನಿ ಒಡತಿಗಿಂತ ಮೊದಲ ಒಲಿ ಹಚ್ಚೂವಷ್ಟು ಚಹಾದ ಚಟ ಹತ್ತೇತೇನು ನಿನಗ?" ಅಂದಳು. ನನಗೆ ಜೀವ ಬಂದಂತಾಯಿತು. ಇಷ್ಟು ವರ್ಷ ಅಮೆರಿಕದಲ್ಲಿದ್ದವಳಿಗೆ ತಂಗಿ ಚಹಾ ಕುಡಿಯುವುದಿಲ್ಲ ಎಂಬುದು ಎಲ್ಲಿ ನೆನಪಿರಬೇಕು, ಸುಳ್ಳು ನಿಂತಿತು ಎಂದುಕೊಂಡೆ.

ಭಾನುವಾರ ಅವ್ವ ಹಸಿರು ಇಳಕಲ್ ಉಟ್ಟು ಹೋದಳು. ಬಾಗಿಲಲ್ಲಿ ದೊಡ್ಡವ್ವ ಹೇಳಿದ್ದು ಇಷ್ಟೇ: "ನೀಲಾ, ಊಟದ್ದು ಗ್ಯಾರೇಜಿನ್ಯಾಗ ಐತಿ. ಬಡಸೂದು ಬಿಟ್ಟು ಒಳಗ ಬರಬ್ಯಾಡ, ಮಂದಿ ಭಾಳ ಆಗತೈತಿ." ಕಳಸವನ್ನು ಶುಗರ್ ಲ್ಯಾಂಡ್ ಊರಿನ ಯಾರೋ ಡಾಕ್ಟರ ಹೆಂಡತಿ ಹಿಡಿದರು. ನಾನು ಅವ್ವನ ಜೊತೆ ಗ್ಯಾರೇಜಿನಲ್ಲೇ ನಿಂತಿದ್ದೆ. ಒಳಗಿನಿಂದ ಮಂತ್ರ ಕೇಳಿತು, ಆಮೇಲೆ "ಉಕ್ತು, ಉಕ್ತು!" ಎಂಬ ಗದ್ದಲ, ಚಪ್ಪಾಳೆ. ಆ ಚಪ್ಪಾಳೆಗೆ ಅವ್ವ ಸಾರಿನ ಸೌಟು ಹಿಡಿದುಕೊಂಡೇ ಒಂದು ಗಳಿಗೆ ಕಣ್ಣು ಮುಚ್ಚಿದಳು. ಬಂದವರೆಲ್ಲ ಊಟದ ತಟ್ಟೆ ಹಿಡಿದು ಗೋಡೆಗಳನ್ನು ಹೊಗಳುತ್ತಿದ್ದರು. "ಫಿನಿಶಿಂಗ್ ನೋಡ್ರೀ, ಏನ್ ಚೆನ್ನಾಗಿದೆ!" ಅಪ್ಪ ಅವರಿಗೆಲ್ಲ ನೀರು ಕೊಡುತ್ತ ಓಡಾಡುತ್ತಿದ್ದ. ಹಚ್ಚಿದವನು ನಾನೇ ಎಂದು ಒಬ್ಬರಿಗೂ ಹೇಳಲಿಲ್ಲ. ಮೇಲೆ ನೇರಳೆ ಕೋಣೆಯಲ್ಲಿ ಸ್ಮಿತಾ ಬಾಗಿಲು ಹಾಕಿಕೊಂಡು ಕೂತಿದ್ದಾಳೆಂದು ಯಾರೋ ಅಂದರು. ಹೊಸ ಕೋಣೆಯ ಸೊಕ್ಕು ಎಂದುಕೊಂಡೆ. ಅಪ್ಪನ ಟ್ರಕ್ಕಿನಲ್ಲಿ ಹಿಂದಿರುಗಿದೆವು. ನಮ್ಮ ಮನೆಯ ತಿರುವಿನಲ್ಲಿ ಅವ್ವ ಅಂದಳು: "ಕಿಡಕಿ ಗಾಜು ಛಲೋ ಹೊಳೀತಿದ್ದುವು, ಅಲ್ಲೇನು?"

ಆಮೇಲೆ ಅಕ್ಕ ತಂಗಿ ಮಾತು ಬಿಡಲಿಲ್ಲ; ಬಿಟ್ಟಿದ್ದರೆ ಒಳ್ಳೆಯದಿತ್ತೇನೋ. ಹಬ್ಬಕ್ಕೆ ಫೋನು, ಅಡುಗೆ ಏನು, ಮಳೆ ಬಂತೇ ಎಂಬ ಮಾತು. ಅವ್ವ ಮತ್ತೆ ಕನ್ನಡದವರ ಯಾವ ಮನೆಯನ್ನೂ ತೊಳೆಯಲು ಒಪ್ಪಲಿಲ್ಲ. ನನ್ನ ತಪ್ಪನ್ನು ಅವಳು ಒಂದು ಸಲವೂ ಎತ್ತಿ ಆಡಲಿಲ್ಲ. ಅದಕ್ಕೇ ಅದು ನನ್ನೊಳಗೆ ಕರಗಲಿಲ್ಲ. ಹಟಕ್ಕೆ ಓದಿದೆ. ಕಮ್ಯೂನಿಟಿ ಕಾಲೇಜು, ನಡುವೆ ಅಪ್ಪನ ಜೊತೆ ಬಣ್ಣದ ಕೆಲಸ, ಆಮೇಲೆ ಯೂನಿವರ್ಸಿಟಿ. ನಾಲ್ಕು ವರ್ಷದ ಡಿಗ್ರಿಗೆ ನನಗೆ ಏಳು ವರ್ಷ ಹಿಡಿಯಿತು. ಅಪ್ಪನ ಕಡೆಯಲ್ಲಾಗಲಿ ಅವ್ವನ ಕಡೆಯಲ್ಲಾಗಲಿ ಆ ಕಾಗದ ಮೊದಲು ಕೈಯಲ್ಲಿ ಹಿಡಿದವಳು ನಾನು. ನಾನದನ್ನು ಗೋಡೆಗೆ ಹಾಕಿದ್ದೇನೆ, ಬಂದವರಿಗೆ ತೋರಿಸುತ್ತೇನೆ, ನಾಚಿಕೆಯಿಲ್ಲ. ಈಗ ನಾನು ಲ್ಯಾಂಡ್ ಸರ್ವೇಯರ್. ಆಸ್ಟಿನ್ನಿನ ಉತ್ತರಕ್ಕೆ ದನ ಮೇಯುತ್ತಿದ್ದ ಜಮೀನುಗಳಿಗೆ ಗೆರೆ ಹಾಕಿ ಸೈಟು ಮಾಡುವ ಕೆಲಸ. ಗೂಟಕ್ಕೆ ಗುಲಾಬಿ ರಿಬ್ಬನ್ ಕಟ್ಟುವವಳು ಈಗ ನಾನೇ. ಲಿಯಾಂಡರ್‌ನಲ್ಲಿ ನನ್ನ ಮನೆಯಾದಾಗ ಅವ್ವ ಅದೇ ಇಳಕಲ್ ಉಟ್ಟು ಹಾಲಿಟ್ಟಳು. ಅಪ್ಪ, ಅವ್ವ ನನ್ನ ಜೊತೆಗೇ ಇದ್ದರು. ಮೂರು ವರ್ಷದ ಹಿಂದೆ ಅವ್ವ ಹೋದಳು. ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ದೊಡ್ಡವ್ವ ಬಂದು ಕಾಲು ಒತ್ತುತ್ತ ಕೂತಿದ್ದಳು. ಆವತ್ತಾದರೂ ಹೇಳಿಬಿಡಬೇಕು, ಅವ್ವನ ಮೇಲಿನ ಆ ಮಾತನ್ನು ತೊಳೆದು ಕಳಿಸಬೇಕು ಎಂದು ಬಾಯಿಯವರೆಗೆ ಬಂದದ್ದು ಹೊರಗೆ ಬರಲಿಲ್ಲ.

ಅದಕ್ಕೇ ಸ್ಮಿತಾಳ ಫೋನ್ ಬಂದ ಕೂಡಲೇ ಹೊರಟೆ. ಇದು ಕೊನೆಯ ಅವಕಾಶ. ಆ ಒಲೆಯ ಮುಂದೆ ನಿಂತು ಹೇಳದಿದ್ದರೆ ಇನ್ನೆಲ್ಲೂ ಹೇಳಲಾರೆ. ಕೇಟಿಗೆ ಎರಡೂವರೆ ಗಂಟೆ. ದೊಡ್ಡಪ್ಪ ಹೋದ ಮೇಲೆ ದೊಡ್ಡವ್ವ ಮನೆಯ ಅರ್ಧ ಮುಚ್ಚಿಟ್ಟಿದ್ದಳು. ಇನ್ನು ಡಾಲಸ್‌ನಲ್ಲಿ ಮಗಳ ಹತ್ತಿರ. ಬಾಗಿಲು ತೆಗೆದು, "ಬಂದೀ? ಊಟ ಆತೇನು?" ಅಂದಳು. ಸ್ಮಿತಾ ಮೇಲೆ ಪೆಟ್ಟಿಗೆಗಳಿಗೆ ಟೇಪು ಹಚ್ಚುತ್ತಿದ್ದಳು. ಗೋಡೆಗಳಲ್ಲಿ ಅಪ್ಪನ ಎರಡು ಕೋಟು ಇನ್ನೂ ಹಾಗೇ ಇತ್ತು. ಕೊಂಡವರು ಎಲ್ಲ ಬಿಳಿ ಮಾಡಿಸುತ್ತಾರಂತೆ. ಅಡುಗೆಮನೆಯಲ್ಲಿ ಫ್ರಿಜ್ ಹೊಸದು, ಡಿಶ್‌ವಾಶರ್ ಹೊಸದು. ಒಲೆ ಮಾತ್ರ ಅದೇ. ಬಲಗಡೆ, ಹಿಂದೆ, ಅರ್ಧ ಉಂಗುರ. "ನಾನು ಎಷ್ಟು ಸಲ ಹೇಳಿದೀನಿ ಚೇಂಜ್ ಮಾಡು ಅಂತ. ಶೀ ಜಸ್ಟ್ ವೋಂಟ್," ಎಂದು ಸ್ಮಿತಾ ಮೆಟ್ಟಿಲಿಂದಲೇ ಕೂಗಿದಳು.

ದೊಡ್ಡವ್ವ ಕಪ್ಪುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಳು. ನಾಲ್ಕನೆಯದೋ ಐದನೆಯದೋ ಕಪ್ಪಿಗೆ ನಾನು ಹೇಳಿಬಿಟ್ಟೆ.

"ದೊಡ್ಡವ್ವಾ, ಆವತ್ತು ಒಲಿ ಹಚ್ಚಿದ್ದು ಅವ್ವ ಅಲ್ಲ. ನಾನು. ಸಾಲಿ ಹಾಲು ತಂದು ಉಕ್ಕಿಸಿದ್ದೆ. ಈ ಮನಿ ನಮ್ಮದಾಗ್ಲಿ ಅಂತ."

ಆಕೆಯ ಕೈ ನಿಲ್ಲಲಿಲ್ಲ. "ಗೊತ್ತೈತಿ," ಅಂದಳು.

"ಯಾವಾಗಿಂದ?"

"ಆವತ್ತಿಂದನ. ಚಹಾ ಮಾಡ್ಕೊಂಡ್ನಿ ಅಂತಾಳ! ನೀಲಾ ಜನ್ಮದಾಗ ಚಹಾ ಬಾಯಿಗೆ ಹಚ್ಚಿದಾಕೇನು? ನನಗ ಹೇಳ್ತಾಳ, ನನಗ!"

"ಮತ್ತ ಅಕಿನ್ನ ಗ್ಯಾರೇಜಿನ್ಯಾಗ ಯಾಕ ನಿಲ್ಲಿಸಿದಿ?" ನನ್ನ ದನಿ ಏರಿತ್ತು. ಇಷ್ಟು ವರ್ಷ ನಾನು ಹೊತ್ತದ್ದು ನನ್ನ ತಪ್ಪೊಂದೇ ಎಂದುಕೊಂಡಿದ್ದೆ.

ದೊಡ್ಡವ್ವ ಕಪ್ಪು ಕೆಳಗಿಟ್ಟಳು. "ಹೊಟ್ಟಿಕಿಚ್ಚು," ಅಂದಳು. ಇಷ್ಟು ಸಲೀಸಾಗಿ ಆ ಮಾತನ್ನು ಯಾರಾದರೂ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. "ನನ್ನ ಮಗಳು ಈ ಮನಿ ಬ್ಯಾಡಂತ ಕಾರಿಂದ ಇಳೀಲಿಕ್ಕೇ ಒಲ್ಲೆ ಅಂದಿದ್ಲು. ಹಳೇ ಅಪಾರ್ಟ್‌ಮೆಂಟಿನ ಗೆಳತ್ಯಾರು ಬೇಕಂತ. ಪ್ರವೇಶದ ದಿನ ಬಾಗಿಲಾ ಹಾಕ್ಕೊಂಡು ಅಳ್ತಿದ್ಲು. ನೀ ನೋಡಿದ್ರ ಬೇಕಂತ ಕಳುವೀಲೆ ಹಾಲು ಉಕ್ಕಿಸೀದಿ. ನಿಮ್ಮವ್ವ ನಿನ್ನ ಸಲುವಾಗಿ ನನ್ನ ಮುಂದ ಸುಳ್ಳು ಹೇಳ್ತಾಳ, ನಿನ್ನ ಕೈ ಬಿಡೂದುಲ್ಲ. ನಿಮ್ಮಪ್ಪ ಬಣ್ಣ ಹಚ್ಚುಮುಂದ ಅಕಿ ಏನೋ ಅಂತಿದ್ಲು, ಇಬ್ರೂ ನಗ್ತಿದ್ರು. ನಾ ಹೊರಗ ಕಾರಿನ್ಯಾಗ ಕೂತು ಕೇಳ್ತಿದ್ದೆ. ಮನಿ ನಂದು ಸರೂ, ನಗೂದು ಅವರದು." ಮತ್ತೊಂದು ಕಪ್ಪಿಗೆ ಪೇಪರು ಎಳೆದುಕೊಂಡಳು. "ಅಕಿಗೆ ಹೇಳಬೇಕಿತ್ತು. ಫೋನ್ ಮಾಡಿದಾಗೆಲ್ಲ ಅಡಗಿ ಏನ್ ಮಾಡೀದಿ ಅಂತನ ಕೇಳಿ ಇಡ್ತಿದ್ದೆ."

ಆಮೇಲೆ ಒಲೆಯ ಕಡೆ ಗದ್ದ ತೋರಿಸಿ ನಕ್ಕಳು. "ಇನ್ನೊಂದು ಹೇಳ್ತೀನಿ ಕೇಳು. ಆವತ್ತು ನಾ ಇಟ್ಟ ಹಾಲು ಉಕ್ಕಲೇ ಇಲ್ಲ. ಫ್ರಿಜ್ಜಿನ ತಣ್ಣನ ಹಾಲು, ಈ ದರಿದ್ರ ಒಲಿ ಕಾಯೂದೇ ಇಲ್ಲ. ಭಟ್ರಿಗೆ ಶುಗರ್ ಲ್ಯಾಂಡಿನ್ಯಾಗ ಇನ್ನೊಂದು ಪ್ರವೇಶ ಇತ್ತು, ಗಡಿಯಾರ ನೋಡಾಕತ್ತಿದ್ರು. ಒಂದೀಟು ನೊರಿ ಬಂತು ಅನ್ನೂದರಾಗ 'ಉಕ್ತು ಅನ್ರೀ' ಅಂದ್ರು. ಎಲ್ಲಾರೂ ಉಕ್ತು ಅಂದ್ರು. ಫೋಟೋ ತೆಗೆದ್ರು. ನಂದು ಉಕ್ಕಲಿಲ್ಲ ಅನ್ನೂದು ನನಗೊಬ್ಬಾಕಿಗೇ ಗೊತ್ತು." ನನ್ನ ಕಡೆ ಬಗ್ಗಿದಳು. "ನಿಂದು ಯಾವ ದಿಕ್ಕಿಗೆ ಉಕ್ಕಿತ್ತು?"

"ಕಿಡಕಿ ಕಡೆ."

"ಮೂಡಲಕ್ಕ," ಅಂದಳು. ದಿನಬೆಳಗಾದರೆ ದಿಕ್ಕು ಹಿಡಿದು ಗೆರೆ ಎಳೆಯುವವಳು ನಾನು. ಇಷ್ಟು ವರ್ಷದಲ್ಲಿ ಅದನ್ನೊಂದು ನೋಡಿರಲಿಲ್ಲ. "ಹಂಗಾರ ಈ ಮನ್ಯಾಗ ಖರೇ ಉಕ್ಕಿದ್ದು ನಿಂದೊಂದ. ಈ ಒಲಿ ತೆಗೀಲಿಕ್ಕೆ ನಾ ಹ್ಯಾಂಗ ಬಿಡಲಿ ಹೇಳು?"

ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ ಎನ್ನಲಾರೆ. ಆದರೆ ಆ ಜಾಗದಲ್ಲಿ ಬೇರೆಯದೇ ಒಂದು ಕಿಚ್ಚು ಹತ್ತಿತು. ಅವ್ವ ಚಹಾ ಕುಡಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಯಾಕೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಮಧ್ಯಾಹ್ನ ದೊಡ್ಡವ್ವನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಡಾಲಸ್‌ಗೆ ಹೊರಟಾಗ ಕೇಳಿದೆ. ಸ್ಮಿತಾಳ ಕಾರು ಸಾಮಾನು ತುಂಬಿಕೊಂಡು ಮುಂದೆ ಹೋಗಿತ್ತು. ನಮ್ಮ ಮರದ ಮನೆಯಿದ್ದ ಕಡೆ ಈಗ ರಸ್ತೆ, ಎಡಕ್ಕೆ ತಿರುಗುವ ಕಾರುಗಳ ಸಾಲು. ಭತ್ತ ಒಣಗಿಸುವ ಕಟ್ಟಡವಿಲ್ಲ, ಕಾರು ತೊಳೆಯುವ ಅಂಗಡಿ ಬಂದಿದೆ. ಕೆಂಪು ದೀಪಕ್ಕೆ ನಿಂತಿದ್ದು ಸರಿಯಾಗಿ ಅವ್ವ ರೊಟ್ಟಿ ಬಡಿಯುತ್ತಿದ್ದ ಜಾಗದ ಮೇಲೆ, ಅಳೆದು ಹೇಳಬಲ್ಲೆ. ಕಿಟಕಿ ಇಳಿಸಿದೆ. ಸೋಪಿನ ವಾಸನೆ ಬಂತು.

"ನಮ್ಮ ಮನ್ಯಾಗ ಎರಡ ಕಪ್ ಚಹಾ ಆಗತಿತ್ತು," ಎಂದು ದೊಡ್ಡವ್ವ ಶುರು ಮಾಡಿದಳು. "ನಮ್ಮಪ್ಪಗೊಂದು. ಸಾಲಿಗೆ ಹೋಗೂ ಮಕ್ಕಳಿಗೊಂದು, ಅಂದ್ರ ನಾವಿಬ್ರೂ ಕೂಡಿ. ಒಂದಿನ ಅಕಿ 'ನನಗ ಸೇರೂದುಲ್ಲ, ನೀನ ಕುಡಿ' ಅಂದ್ಲು. ಆರು ವರ್ಷದಾಕಿ. ಮುಂದ ಮುಟ್ಟಲೇ ಇಲ್ಲ. ಖರೇನ ಸೇರ್ತಿದ್ದಿಲ್ಲೋ, ನನಗ ಬಿಟ್ಟುಕೊಟ್ಲೋ, ನನಗಿನ್ನೂ ತಿಳಿದಿಲ್ಲ."

ದೀಪ ಹಸಿರಾಯಿತು. ಆರು ವರ್ಷದ ನೀಲಾಳನ್ನು ನಾನು ಕಂಡಿಲ್ಲ. ಅವಳ ಜಡೆ ಹೇಗಿತ್ತು, ಅವಳು ಯಾವುದಕ್ಕೆ ಹಟ ಮಾಡುತ್ತಿದ್ದಳು, ಶಾಲೆ ಬಿಡಿಸಿದ ದಿನ ಅತ್ತಳೇ, ನನಗೆ ಗೊತ್ತಿಲ್ಲ. ನನಗಿಂತ ಮೊದಲಿನ ಅಷ್ಟೂ ವರ್ಷದ ಅವ್ವ ಈ ಮುದುಕಿಯ ಹತ್ತಿರ ಇದ್ದಾಳೆ. ಇದ್ದಾಳೆ, ಆದರೆ ಗೋಡೆಗೆ ಬಿಳಿ ಹಚ್ಚಿದಂತೆ ಅದೂ ಒಂದು ದಿನ ಹೋಗುತ್ತದೆ. ನೇರಳೆ ಕೋಣೆಗೆ, ಕಿಟಕಿಯ ಕಟ್ಟೆಗೆ ಹೊಟ್ಟೆ ಉರಿದದ್ದು ಇದರ ಮುಂದೆ ಏನೂ ಅಲ್ಲ. "ಮತ್ತ?" ಎಂದೆ. "ಮತ್ತೇನು ಮಾಡ್ತಿದ್ಲು ನಮ್ಮವ್ವ?" ದೊಡ್ಡವ್ವ ಸೀಟು ಹಿಂದಕ್ಕೆ ಸರಿಸಿಕೊಂಡು, ಸೆರಗು ಹೊದ್ದು, ಹೇಳತೊಡಗಿದಳು. ನಾನು ಬಲಗಡೆಯ ನಿಧಾನದ ಸಾಲಿಗೆ ಬಂದು, ದೊಡ್ಡ ಲಾರಿಯೊಂದರ ಹಿಂದೆ ಸೇರಿಕೊಂಡೆ, ಡಾಲಸ್ ಬೇಗ ಬಂದುಬಿಡಬಾರದೆಂದು.